ನೀರ ಇಳದೈತಂತ

೨ ಏಪ್ರಿಲ್ ೧೯೯೮, ಗುರುವಾರ

ಐದಕ್ಕೆ ಕಂಪನಿ ಬಸ್ಸು ಹೋಯಿತು. ಇವರು ಎಂದಿನಂತೆ ಒಂದು ಕಾಲಿಗೆ ಸಾಕ್ಸ್ ಏರಿಸುತ್ತಲೇ ಓಡಿದರು. ರಾಸ್ ಲಫಾನ್ ಪ್ಲಾಂಟಿನಲ್ಲಿ ಪ್ರಭುಲಿಂಗ ಎಂಬ ಟೆಕ್ನಿಷಿಯನ್ ಬಹಳ ಶಿಸ್ತಿನ ಮನುಷ್ಯನಂತೆ. ನನ್ನ ಗಂಡನೇ ಆದ ಆ ಮನುಷ್ಯನನ್ನು ಮನೆಯಲ್ಲಿ ನನಗೂ ಒಮ್ಮೆ ತೋರಿಸಿದರೆ ಚೆನ್ನಾಗಿತ್ತು.

ಮಗಳು ಶಿಲ್ಪಶ್ರೀ ಸ್ಕೂಲಿಗೆ. ವಾಷಿಂಗ್ ಮೆಷಿನ್ ಮತ್ತೆ ನೀರು ಕಕ್ಕಿದೆ. ಪ್ಲಂಬರ್‌ಗೆ ಫೋನ್ ಮಾಡಿದರೆ "ಬುಕ್ರಾ, ಬುಕ್ರಾ" — ನಾಳೆ, ನಾಳೆ. ನಮ್ಮ ಕಡೆ ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಖತಾರಿನ ಈ ಅಲ್ ಖೋರ್‌ನಲ್ಲಿ ಪ್ಲಂಬರ್ ನನ್ನನ್ನೇ ದೆವ್ವ ಮಾಡಿದ್ದಾನೆ.

ಸಂಜೆ ಶಿವಪುತ್ರ ಬಂದ. ಗುರುವಾರ ಅವನ ರೊಟ್ಟಿ ನಮ್ಮಲ್ಲೇ. ಇವರ ಊರಿನ ಹುಡುಗ, ಇವರೇ ಕರೆತಂದು ಕೆಲಸಕ್ಕೆ ಸೇರಿಸಿದ್ದು. ಕೈಯಲ್ಲೊಂದು ಬಣ್ಣದ ಕಾಗದ. ದೋಹಾದ ಟ್ರಾವೆಲ್ಸ್ ಪೀಟರ್ ಕೊಟ್ಟದ್ದು. ಪೀಟರ್ ಮೊದಲು ಹಡಗಿನಲ್ಲಿ ಸ್ಟುವರ್ಡ್ ಆಗಿದ್ದವನು. ಮೆಕ್ಸಿಕೋದಲ್ಲಿ ಟೂರಿಸ್ಟುಗಳಿಗೆ ಒಂದೇ ದಿನದಲ್ಲಿ ಮಾಯಾ ಜನರ ಪಾಳು ಊರು, ಸಮುದ್ರದಲ್ಲಿ ಮೀನು ನೋಡುವ ಸ್ನಾರ್ಕೆಲಿಂಗ್, ನೆಲದೊಳಗಿನ ಕೊಳ — ಮೂರನ್ನೂ ತೋರಿಸುತ್ತಾರಂತೆ. ಅದನ್ನು ನೋಡಿ ಬಂದು, ಖತಾರ್‌ನಲ್ಲಿ ಏನು ಕಡಿಮೆ ಎಂದು ಇಲ್ಲೂ ಶುರು ಮಾಡಿದ್ದಾನೆ.

"ವೈನೀ, ಮೂರೂ ಒಂದ ದಿನದಾಗ! ಗೈಡೂ ಇರ್ತಾನ. ಬಕ್ರೀದ್ ಸೂಟ್ಯಾಗ ಹೋಗೂಣು."

"ಬಾದಾಮಿ ಮಗ್ಗಲಾಗ ಹುಟ್ಟಿದಾಂವ ಪಾಳ ಊರ ನೋಡಾಕ ಇಲ್ಲಿತನಕ ಬಂದಿಯೇನಪಾ?" ಎಂದೆ.

ನಕ್ಕ. ಅವನು ನಕ್ಕರೆ ಇಲ್ಲ ಅನ್ನಲು ಬರುವುದಿಲ್ಲ. ಹೋಗುವುದೆಂದಾಯಿತು.

೫ ಏಪ್ರಿಲ್, ಭಾನುವಾರ

ಶಿವಪುತ್ರ ನೀರಿನ ಕನ್ನಡಕ, ಉಸಿರಾಡುವ ಕೊಳವೆ ಕೊಂಡು ತಂದಿದ್ದಾನೆ. ಹಾಕಿಕೊಂಡೇ ಚಹಾ ಕುಡಿಯಲು ನೋಡಿದ. ಶಿಲ್ಪಶ್ರೀ ನಕ್ಕು ನಕ್ಕು ಬಿಕ್ಕಳಿಸಿದಳು. "ಚಿಕ್ಕಪ್ಪ ಫ್ರಾಗ್ ಆದ್ರು ಮಮ್ಮಿ!" ಏಳು ವರ್ಷವಾದರೂ ಕಪ್ಪೆ ಎಂದು ಬಾರದು ಇದಕ್ಕೆ.

೧೦ ಏಪ್ರಿಲ್, ಶುಕ್ರವಾರ. ಬೆಳಿಗ್ಗೆ ಹನ್ನೊಂದೂವರೆ. ಗಾಡಿಯೊಳಗೆ

ಜುಬಾರಾ ಎಂಬ ಪಾಳು ಊರಿನ ಪಕ್ಕ. ಎಲ್ಲರೂ ಗೋಡೆ ಹತ್ತಿ ಫೋಟೋ ತೆಗೆಯುತ್ತಿದ್ದಾರೆ. ನನಗೆ ಬಿಸಿಲು ಸಾಕು.

ಕತ್ತಲಿರುವಾಗಲೇ ಹೊರಟೆವು. ಗಾಡಿ ಓಡಿಸುವವನೂ ಗೈಡೂ ಒಬ್ಬನೇ — ತನಿಯ. ಮಲ್ಪೆ ಕಡೆಯವನು, ಸಮುದ್ರದ ದಂಡೆಯಲ್ಲೇ ಬೆಳೆದವನು. ಬೆಳಗಿನಿಂದ ಅವನಿಗೂ ಶಿವಪುತ್ರನಿಗೂ ಒಂದೇ ಚೇಷ್ಟೆ.

"ಎಂತ ಮಾರಾಯ್ರೆ, ನೀವು ಮಾತಾಡೋದು ಕನ್ನಡವಾ?"

"ಮತ್ತ ನಿಮ್ಮ ಉಂಟು-ಗಿಂಟು ಯಾವ ದೇಶದ್ರಿ?"

ಮೊದಲು ದೋಹಾದಾಚೆಯ ನೆಲದೊಳಗಿನ ಕೊಳ. ಮರಳುಗಾಡಿನ ನಡುವೆ ಬಾಯಿ ತೆರೆದ ಗವಿ. ಕೆಳಗೆ ತಣ್ಣನೆಯ ಹಸಿರು ನೀರು. "ಇದು ನಿಂತ ನೀರು, ಹೆದರಿಕೆ ಇಲ್ಲ" ಎಂದ ತನಿಯ. ಶಿವಪುತ್ರ ಕೇಳಬೇಕೇ? ದುಡುಮ್ಮನೆ ಹಾರಿದ. ಮೇಲೆ ಬಂದು ತಲೆ ಒರೆಸಿಕೊಳ್ಳುತ್ತ ಮಲಪ್ರಭೆಯ ಸುದ್ದಿ ತೆಗೆದ. ಶಾಲೆ ಹೊಳೆಯಾಚೆ. ಅವನವ್ವ ಹೊನ್ನವ್ವ ಬೆಳಿಗ್ಗೆ ದಂಡೆಗೆ ಹೋಗಿ ನೋಡಿ ಅಲ್ಲಿಂದಲೇ ಕೂಗಿ ಹೇಳಬೇಕು. "ಹೊಳಿ ಇಳದ ದಿನ ಸಾಲಿ, ಏರಿದ ದಿನ ಸೂಟಿ ವೈನೀ. ಹೊಳಿ ಇಳದೈತಿ ಅಂತ ಅವ್ವ ಅಂದ್ಲಂದ್ರ ಅಳಕೋತ ಪಾಟಿಚೀಲಾ ಹೊತ್ತ ನೀರಿಗೆ ಇಳೀತಿದ್ದೆ."

ಈ ಜುಬಾರಾದ ಗೋಡೆಗಳು ಮೊಣಕಾಲೆತ್ತರ. ಮುತ್ತು ತೆಗೆಯುವವರ ಊರಂತೆ. ಯಾವುದು ಅಡುಗೆಮನೆ ಎಂದು ಹುಡುಕಿದೆ, ಸಿಗಲಿಲ್ಲ. ಇಷ್ಟು ಗೋಡೆಗಳಲ್ಲಿ ಒಬ್ಬಳೂ ರೊಟ್ಟಿ ಬಡಿದಿಲ್ಲವೇ?

ಊಟದ ನಂತರ ಸಮುದ್ರ. ನಾಳೆ ದವನದ ಹುಣ್ಣಿಮೆ, ಹೋಳಿಗೆ ಇವತ್ತೇ ಕಟ್ಟಿ ತಂದಿದ್ದೇನೆ. ತನಿಯ ಆಗಲೇ ವಾಚ್ ನೋಡಲು ಶುರು ಮಾಡಿದ್ದಾನೆ. ಹುಣ್ಣಿಮೆ ಹೊತ್ತಿಗೆ ನೀರು ನೋಡಿಕೊಂಡು ಇಳಿಯಬೇಕಂತೆ. ನೀರಿಗೂ ಪಂಚಾಂಗ!

ಕರೆಯುತ್ತಿದ್ದಾರೆ…

೧೪ ಏಪ್ರಿಲ್, ಮಂಗಳವಾರ

ಶಿವಪುತ್ರ ಇಲ್ಲ.

ಬರೆದೆ. ಬರೆಯದಿದ್ದರೆ ಆಗಿಲ್ಲವೇನೋ ಅನ್ನುವ ಹಾಗೆ ಈ ಪುಸ್ತಕ ಮುಟ್ಟದೇ ಇದ್ದೆ.

ಅದು ಸಮುದ್ರ ನೆಲದೊಳಕ್ಕೆ ಚಾಚಿಕೊಂಡ ಜಾಗ. ಇಲ್ಲಿಯವರು ಖೋರ್ ಅನ್ನುತ್ತಾರೆ. ಒಳಗೆ ಕೆರೆಯಂತೆ ಅಗಲ, ಸಮುದ್ರ ಸೇರುವಲ್ಲಿ ಬಾಯಿ ಕಿರಿದು. ಎಲ್ಲರೂ ಮುಖ ಮುಳುಗಿಸಿ ಮೀನು ನೋಡಿದರು. ನಾನೂ ನೋಡಿದೆ, ಹಳದಿ ಪಟ್ಟೆಯವು. ಆಮೇಲೆ ಹೋಳಿಗೆ. ಇವರು ಗಾಡಿಯ ಹಿಂದೆ ಸ್ಟೋವ್ ಹಚ್ಚುತ್ತಿದ್ದರು. ಶಿವಪುತ್ರ "ಇನ್ನೊಂದ ಸಲ" ಎಂದು ಕಿರಿದಾದ ಬಾಯಿಯ ಕಡೆ ನಡೆದ. ಶಿಲ್ಪಶ್ರೀ ಈಚೆ ತುದಿಯಲ್ಲಿ ಇನ್ನೂ ನೀರಿನಲ್ಲಿದ್ದಳು. ತನಿಯ ಓಡಿಹೋಗಿ ಅವಳನ್ನು ಹೆಗಲಿಗೆ ಎತ್ತಿಕೊಂಡ. ಅಲ್ಲಿಂದಲೇ ಕೂಗಿದ. ಇಬ್ಬರ ನಡುವೆ ನಿಂತವಳು ನಾನು.

"ಮೇಡಂ, ನೀರು ಇಳೀತಾ ಉಂಟು! ಅವರಿಗೆ ಹೇಳಿ, ಬೇಗ!"

ಕೈ ಬಾಯಿಗಿಟ್ಟು ನಾನು ಕೂಗಿದೆ. "ಶಿವಪುತ್ರಾ… ನೀರ ಇಳದೈತಂತ!"

ಅವನು ಕೈ ಎತ್ತಿದ. ಕನ್ನಡಕ ಏರಿಸಿದ. ಮುಳುಗಿದ.

ತಲೆ ಮೇಲೆ ಬಂದದ್ದು ಎಲ್ಲೋ ದೂರ. ಮತ್ತೂ ದೂರ. ಮಲಪ್ರಭೆಯಲ್ಲಿ ಈಸಿದ ಹುಡುಗ, ಕೈ ಬಡಿಯುತ್ತಲೇ ಇದ್ದ, ಹಿಂದಕ್ಕೇ ಹೋಗುತ್ತಿದ್ದ. ತನಿಯ ಮಗುವನ್ನು ಮರಳಿನ ಮೇಲೆ ಇಳಿಸಿ ನೀರಿಗೆ ಬಿದ್ದ. ಬಹಳ ಹೊತ್ತಿನ ಮೇಲೆ ಒಬ್ಬನೇ ಬಂದ, ಉಪ್ಪುನೀರು ಕಾರುತ್ತ. ಕೋಸ್ಟ್ ಗಾರ್ಡಿನವರಿಗೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಕನ್ನಡಕ ಮುಖದ ಮೇಲೇ ಇತ್ತಂತೆ.

ಪೊಲೀಸ್ ಸ್ಟೇಷನ್‌ನಲ್ಲಿ ನನ್ನ ಹೇಳಿಕೆ. ಹಿಂದಿ ಬಲ್ಲ ದುಭಾಷಿ ಒಬ್ಬ ಇದ್ದ. ಗೈಡ್ ಏನು ಹೇಳಿದ? "ಪಾನಿ ಉತರ್ ಗಯಾ, ಐಸಾ ಬೋಲಾ." ನೀರಿಗೆ ಇಳಿಯಬೇಡಿ ಎಂದನೇ? "ನಹೀಂ." ಹೇಳಿದ್ದನ್ನೇ ಹೇಳಿದೆ, ಸಹಿ ಮಾಡಿದೆ. ಗೋಡೆಯ ಬಳಿ ತನಿಯ ಕುಕ್ಕರುಗಾಲಲ್ಲಿ ಕೂತಿದ್ದ. ಮುಖ ಎತ್ತಿ ನನ್ನನ್ನೇ ನೋಡಿದ. ನಾನು ಅವನ ಕಡೆ ಉಗುಳಲಿಲ್ಲ ಅಷ್ಟೆ. ನೀರು ಇಳಿದಿದೆ ಎಂದು ಹೇಳಿ ಹುಡುಗನನ್ನು ಕಳಿಸಿದವನು.

ನಾಳೆ ಇವರು ಬಾಡಿ ತೆಗೆದುಕೊಂಡು ಊರಿಗೆ. ಬಾಡಿ! ಮೊನ್ನೆ ನನ್ನ ಹೋಳಿಗೆ ತಿಂದವನು.

೨೨ ಏಪ್ರಿಲ್, ಬುಧವಾರ

ಇವರು ಬಂದರು. ಮಣ್ಣು ಕೊಟ್ಟಾಯಿತು. ನಾಲ್ಕು ಮಾತು ಆಡಲು ನಾಲ್ಕು ಸಲ ಎದ್ದು ಹೋಗಿ ಮುಖ ತೊಳೆದರು.

ಹೊನ್ನವ್ವ ಅಳಲಿಲ್ಲವಂತೆ. ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳಿದಳಂತೆ, "ನನ್ನ ಮಗಗ ನೀರಿಗಿಳಿ ಅಂತ ಯಾರು ಹೇಳಿದ್ರು?" ಇವರು ಹೇಳಿದ್ದಾರೆ — ಗೈಡ್. ನೀರು ಇಳಿದಿದೆ ಎಂದು ಸುಳ್ಳು ಹೇಳಿದ. ಆಗ ಕೂತಲ್ಲೇ ನೆಲ ಬಡಿದು ಶಪಿಸಿದಳಂತೆ: "ನೀರ ಇಳದೈತಿ ಅಂದ ನಾಲಗಿಗೆ ಹುಳಾ ಬೀಳಲಿ."

ತನಿಯ ಇನ್ನೂ ಕಸ್ಟಡಿಯಲ್ಲಿ. ಪೀಟರ್ ಫೋನ್ ಮಾಡಿದ್ದ. "ಅವನು ನಮ್ಮ ಸ್ಟಾಫ್ ಅಲ್ಲ ಮೇಡಂ, ಸುಮ್ಮನೆ ಅರ್ಜೆಂಟಿಗೆ ಕರೆದದ್ದು" ಎಂದ. ಮೊನ್ನೆಯವರೆಗೆ 'ನಮ್ಮ ಬೆಸ್ಟ್ ಗೈಡ್'. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ಹಾಗಂತ ನನಗೆ ತನಿಯನ ಮೇಲೆ ಕರುಣೆ ಬಂತೆಂದಲ್ಲ. ಬರಲಿಲ್ಲ.

೩೦ ಏಪ್ರಿಲ್, ಗುರುವಾರ

ಮರೆತು ರೊಟ್ಟಿ ಜಾಸ್ತಿ ಬಡಿದೆ. ಡಬ್ಬಿಯಲ್ಲಿ ಹಾಗೇ ಇವೆ.

೧ ಮೇ, ಶುಕ್ರವಾರ

ಇವರು ಓವರ್‌ಟೈಮಿಗೆ ಹೋಗಿದ್ದರು. ಮಧ್ಯಾಹ್ನ ಬೆಲ್ ಆಯಿತು. ಬಾಗಿಲಲ್ಲಿ ಒಬ್ಬ ಹೆಂಗಸು, ತಲೆ ತುಂಬ ಧೂಳು. ಅಕ್ಕು. ತನಿಯನ ಅಕ್ಕ. ದೋಹಾದ ಒಂದು ನರ್ಸರಿಯಲ್ಲಿ ಆಯಾ, ಮುಐದರ್‌ನಲ್ಲಿ ನಾಲ್ಕು ಜನರೊಂದಿಗೆ ಒಂದು ಕೋಣೆ. ಯಾರ್ಯಾರದೋ ಗಾಡಿ ಹತ್ತಿ ಇಲ್ಲಿಗೆ ಬಂದಿದ್ದಳು. ಬೈಯಲೆಂದೇ ಬಾಗಿಲು ತೆರೆದೆ. ಅವಳು ಚಪ್ಪಲಿ ಕಳಚಿ ಹೊಸ್ತಿಲಾಚೆಯೇ ಕೂತಳು. ನೀರು ಕೊಟ್ಟರೆ ಮುಟ್ಟಲಿಲ್ಲ.

"ಒಂದೇ ಮಾತು ಕೇಳ್ಲಿಕ್ಕೆ ಬಂದೆ ಅಮ್ಮ. ತಮ್ಮ ಕೂಗಿದ್ದು ನಿಮಗೆ ಕೇಳಲಿಲ್ವಾ?"

"ಕೇಳಿಸೈತಿ. ನೀರು ಇಳೀತಾ ಉಂಟು ಅಂದ. ಹಂಗಂತನ ಪೊಲೀಸರ ಮುಂದ ಹೇಳೀನಿ. ನಾ ಸುಳ್ಳ ಹೇಳಾಕಿ ಅಲ್ಲ."

ಅವಳ ಮುಖ ಅರಳಿತು. "ಹೇಳಿದ್ದೀರಾ? ದೇವರು ನಿಮಗೆ ಒಳ್ಳೇದು ಮಾಡ್ಲಿ! ಹಾಗಾದ್ರೆ ಮತ್ತೆ ಎಂತಕ್ಕೆ ಹಿಡಿದಿಟ್ಟಿದ್ದಾರೆ ಅವನನ್ನು?"

"ಎಂತಕ್ಕ? ನೀರ ಇಳದೈತಿ ಅಂತ ಹೇಳಿ ಹುಡುಗನ್ನ ನೀರಿಗೆ ಕಳಿಸಿದ್ದಕ್ಕ!"

ಅಕ್ಕು ನನ್ನನ್ನೇ ನೋಡಿದಳು. ಹುಚ್ಚಿಯನ್ನು ನೋಡುವ ಹಾಗೆ.

"ಇಳೀತಾ ಉಂಟು ಅಂದ ಮೇಲೆ ಯಾರಾದ್ರೂ ನೀರಿಗೆ ಹೋಗ್ತಾರಾ ಅಮ್ಮ?"

"ಅಂದ್ರ?"

"ಇಳಿತ ಅಂದ್ರೆ ಸಮುದ್ರ ನೀರನ್ನು ವಾಪಸ್ ಎಳ್ಕೊಳ್ಳುವ ಹೊತ್ತು. ಅಳಿವೆ ಬಾಯಿಯಲ್ಲಿ ಇದ್ದವನನ್ನೂ ಎಳ್ಕೊಂಡೇ ಹೋಗ್ತದೆ. ಹುಣ್ಣಿಮೆಗೆ ಕೇಳುವುದೇ ಬೇಡ. ನೀರು ಇಳೀತಾ ಉಂಟು ಅಂತ ಒಬ್ಬ ಬೊಬ್ಬೆ ಹಾಕಿದ್ರೆ ನಮ್ಮಲ್ಲಿ ಸಣ್ಣ ಮಕ್ಕಳು ಕೂಡ ಓಡಿ ದಡಕ್ಕೆ ಬರ್ತಾರೆ. ಬನ್ನಿ ಅಂತ ಬೇರೆ ಹೇಳ್ಬೇಕಾ?"

ನಮ್ಮ ಕಡೆ ಹೊಳೆ ಇಳಿದರೆ ದಾಟುತ್ತೇವೆ. ಇಳೀತಾ ಉಂಟು ಎಂದು ಅವನು ಅಂದ. ಇಳದೈತಿ ಎಂದು ನಾನು ಕೂಗಿದೆ. ಹೆದರಿಸಲು ಕೊಟ್ಟ ಮಾತನ್ನು ಧೈರ್ಯದ ಮಾತು ಮಾಡಿ ದಾಟಿಸಿದೆ. ಆಡಿದ್ದು ಇಬ್ಬರೂ ಕನ್ನಡವೇ.

ಅಕ್ಕುವನ್ನು ಒಳಗೆ ಕರೆದೆ. ಬರಲಿಲ್ಲ. ಹೋಗುವಾಗ ಕೇಳಿದಳು, "ನಿಮ್ಮ ಮಗು ಹುಷಾರುಂಟಾ? ಅದನ್ನು ತಂದು ದಡಕ್ಕೆ ಹಾಕುವಷ್ಟರಲ್ಲಿ ಆ ಹುಡುಗ ದೂರ ಹೋಗಿಬಿಟ್ಟ ಅಂತ ಅದನ್ನೇ ಹೇಳಿ ಅಳ್ತಾನೆ."

೨ ಮೇ, ಶನಿವಾರ

ಅಕ್ಕು ತಮ್ಮನನ್ನು ಉಳಿಸಲು ಹಾಗೆ ಹೇಳಿರಬಹುದು ಎಂದು ರಾತ್ರಿಯೆಲ್ಲ ಆಸೆಪಟ್ಟೆ. ಎಂಥ ಆಸೆ!

ಬೆಳಿಗ್ಗೆ ಜಲೀಲ್ ಸಿಕ್ಕ. ಪಕ್ಕದ ಬ್ಲಾಕಿನವನು, ಕಂಪನಿಯ ಅರಬ್ಬಿ ಕಾಗದಪತ್ರ ನೋಡುವವನು, ಕಾಸರಗೋಡಿನವನು, ನನ್ನನ್ನು ಚೇಚಿ — ಅಕ್ಕ — ಎನ್ನುವವನು. ಇಳಿತ ಅಂದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದೆ.

"ಇಳಿತವಾ ಚೇಚಿ? ನಮ್ಮ ಮಲಯಾಳದಲ್ಲಿ ವೇಲಿಯಿರಕ್ಕಂ. ಅದರಲ್ಲಿ ಅಳಿವೆಗೆ ಇಳಿದರೆ ಖಲಾಸ್."

ಎಲ್ಲವನ್ನೂ ಹೇಳಿದೆ. ಅವನು ಕೀ ಗೊಂಚಲು ತಿರುಗಿಸುವುದನ್ನು ನಿಲ್ಲಿಸಿದ. ಸ್ಟೇಷನ್‌ಗೆ ಬರುವುದಾದರೆ ಅರಬ್ಬಿಯಲ್ಲಿ ತಾನೇ ಹೇಳುತ್ತೇನೆ ಎಂದ. "ಆದರೆ ಮೊದಲು ಸಾರ್‌ಗೆ ಹೇಳಿ. ಸಹಿ ಮಾಡಿದ್ದನ್ನು ತಿದ್ದುವುದು ಸಣ್ಣ ವಿಷಯ ಅಲ್ಲ."

ನಾಲಿಗೆ ಉರಿಯುತ್ತಿದೆ. ಕನ್ನಡಿಯಲ್ಲಿ ನೋಡಿಕೊಂಡೆ. ಏನೂ ಇಲ್ಲ. ಹೊನ್ನವ್ವನ ಶಾಪಕ್ಕೆ ವಿಳಾಸ ಗೊತ್ತಾಗಿರಬೇಕು.

೫ ಮೇ, ಮಂಗಳವಾರ

ಹೇಳಿಬಿಟ್ಟೆ.

ಇವರು ಮೊದಲು ಕೆಲಸದ ಮಾತು ಆಡಿದರು. ಜೂನ್‌ನಲ್ಲಿ ಕಾಂಟ್ರಾಕ್ಟ್ ರಿನ್ಯೂವಲ್. ಮೊದಲ ಹೇಳಿಕೆ ತಪ್ಪು ಎಂದರೆ ನಿನ್ನನ್ನೇ ಒಳಗೆ ಹಾಕಿದರೆ? ಶಿಲ್ಪಾನ ಗತಿ? ಅದೆಲ್ಲ ನಿಜವೇ, ನನಗೂ ಭಯ. ಆದರೆ ಇವರ ಕಣ್ಣು ಬೇರೇನೋ ಹೇಳುತ್ತಿತ್ತು.

"ಆ ಮನಷ್ಯಾ ನಮ್ಮ ಶಿಲ್ಪಾನ ಎತಗೊಂಡ ಬಂದಾನ್ರಿ" ಎಂದೆ.

"ಗೊತ್ತೈತಿ."

"ಮತ್ತ?"

ಆ ಕಡೆ ಹೊರಳಿದರು. ಆಮೇಲೆ ಗೋಡೆಗೆ ಹೇಳಿದರು. "ಆ ಗೈಡನ ಮ್ಯಾಲ ಸಿಟ್ಟ ಮಾಡ್ಕೊಂಡ ನಾ ಇಷ್ಟ ದಿನಾ ಉಂಡೀನಿ, ಮಲಗೀನಿ. ಅವ ಅಲ್ಲ ಅಂದ್ರ… ಮತ್ತ ಯಾರ ಮ್ಯಾಲ ಮಾಡ್ಕೊಳ್ಲಿ, ಸುವರ್ಣಾ?"

ನನ್ನ ಹೆಸರು ಹಿಡಿದು ಇವರು ಕರೆಯುವುದು ಅಪರೂಪ. ಇದಕ್ಕೆ ಕರೆದರು.

ಹಾಸಿಗೆ ಶಿಲ್ಪಾಳ ಕೋಣೆಯಲ್ಲಿ ಹಾಕಿಕೊಂಡೆ.

೬ ಮೇ, ಬುಧವಾರ

ಜಡೆ ಹಾಕುವಾಗ ಶಿಲ್ಪಾ ಕೇಳಿದಳು, "ಮಮ್ಮಿ, ತನಿಯ ಅಂಕಲ್‌ಗೆ ಥ್ಯಾಂಕ್ಯೂ ಹೇಳಿದ್ವಾ?"

ಜಡೆ ಬಿಚ್ಚಿ ಮತ್ತೆ ಹಾಕಿದೆ.

೮ ಮೇ, ಶುಕ್ರವಾರ. ಸಂಜೆ

ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಹೊನ್ನವ್ವನನ್ನು ಕರೆಸಿದೆ. ಇವರು ಇದ್ದರು. ಬೇಡ ಎನ್ನಲಿಲ್ಲ. ಎದ್ದು ಬಾಲ್ಕನಿಗೆ ಹೋಗಿ ನಿಂತರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿಕ್ಕಂದಿನಲ್ಲಿ ಕಾಪಿ ಬರೆಸುತ್ತಿದ್ದರು. ಮುತ್ತು ತೆಗೆಯುವವರ ದೇಶಕ್ಕೆ ಬಂದು ಈಗ ಕಲಿತೆ.

ಹೇಳಿದೆ. ಗೈಡ್ ಸುಳ್ಳು ಹೇಳಿಲ್ಲ. ಅವರ ಕಡೆ ಆ ಮಾತಿಗೆ ಬೇರೆ ಅರ್ಥ. ನನಗೆ ತಿಳಿಯಲಿಲ್ಲ. "ನೀರ ಇಳದೈತಂತ ಅಂತ ಒದರಿದಾಕಿ ನಾನ ಯವ್ವಾ. ನೀ ಶಾಪಾ ಹಾಕಿದ್ದು ನನಗ."

ಆ ಕಡೆ ಬೂತಿನ ಹೊರಗೆ ಯಾವುದೋ ಟ್ರ್ಯಾಕ್ಟರ್ ಹೋಯಿತು. ಬಯ್ಯಲಿ ಎಂದು ಕಾಯ್ದೆ, ನಿಜವಾಗಿ ಬೇಕಾಗಿತ್ತು ಅದು.

"ಅವ ಏನ ಮಾಡಿದ, ನೀ ಅಂದಾಗ?" ಕೇಳಿದಳು.

"ಕೈ ಎತ್ತಿದ."

"ಹಂಗ ಎತ್ತತಿದ್ದ," ಎಂದಳು ಹೊನ್ನವ್ವ. "ನಾ ದಂಡಿ ಮ್ಯಾಲಿಂದ ದಿನಾ ಒದರತಿದ್ನಲ್ಲ, ಹೊಳಿ ಇಳದೈತಿ ಹೋಗೋ ಅಂತ… ಹಂಗ ಕೈ ಎತ್ತಿ ಹೊಕ್ಕಿದ್ದ. ನಾನ ಕಲಿಸಿದ್ದು ಯವ್ವಾ. ಅದು ನನ್ನ ಮಾತು."

ಫೋನ್ ಇಟ್ಟಳೋ, ಕೈ ಜಾರಿತೋ. ನನ್ನನ್ನು ಕ್ಷಮಿಸಿದಳೋ ಇಲ್ಲವೋ. ಬಾಲ್ಕನಿಯಲ್ಲಿ ಇವರ ಬೆನ್ನು ಅಲುಗುತ್ತಿತ್ತು. ಹೋಗಿ ಪಕ್ಕದಲ್ಲಿ ನಿಂತೆ. ಸರಿದು ಜಾಗ ಕೊಟ್ಟರು.

೧೦ ಮೇ, ಭಾನುವಾರ. ಪೊಲೀಸ್ ಸ್ಟೇಷನ್, ಹೆಂಗಸರ ಬೆಂಚು

ಇವರು ರಜೆ ಹಾಕಿ ಜೊತೆಗೆ ಬಂದಿದ್ದಾರೆ. ಇಳಿಯುವಾಗ ನನ್ನ ಬ್ಯಾಗು ತಾವೇ ಹಿಡಿದುಕೊಂಡರು. ಅಕ್ಕು ಆಚೆ ಬೆಂಚಿನಲ್ಲಿದ್ದಾಳೆ. ನನ್ನ ಕಡೆ ನೋಡುವುದಿಲ್ಲ.

ಜಲೀಲ್ ಒಳಗೆ ಹೋಗಿ ಬಂದ. ಆಫೀಸರ್ ಸಿಟ್ಟಿನಲ್ಲಿದ್ದಾರಂತೆ. ಮೊದಲು ಹೇಳಿದ್ದು ನಿಜವೋ ಈಗ ಹೇಳುವುದೋ ಎಂದು ಕೇಳುತ್ತಾರಂತೆ. "ಏನು ಹೇಳ್ತೀರಿ ಚೇಚಿ?"

"ಎರಡೂ" ಎಂದೆ.

ಅವನಿಗೆ ಗಾಬರಿ. ಅರಬ್ಬಿಯಲ್ಲಿ ಹೇಗೆ ಹೇಳಲಿ ಅದನ್ನು ಎಂದು ತಲೆ ಕೆರೆದುಕೊಂಡ.

ತನಿಯನನ್ನು ಕಾರಿಡಾರಿನಲ್ಲಿ ಕರೆದುಕೊಂಡು ಹೋದರು. ಗಡ್ಡ ಬಂದಿದೆ. ನನ್ನನ್ನು ನೋಡಿ ನಿಂತ. "ಮಗು ಹುಷಾರುಂಟಾ ಮೇಡಂ?" ಎಂದ. ತಲೆಯಾಡಿಸಿದೆ. ಥ್ಯಾಂಕ್ಯೂ ಎಂದು ಬಾಯಿಗೆ ಬಂತು. ಅಷ್ಟು ಚಿಕ್ಕ ಮಾತು ಆಡಲು ನಾಚಿಕೆಯಾಯಿತು.

ಒಳಗೆ ಹೋದ ಮೇಲೆ ಮರೆತೀತು. ಹೇಳಬೇಕಾದ್ದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ, ನಮ್ಮ ಕನ್ನಡದಲ್ಲಲ್ಲ, ಅವನದರಲ್ಲೂ ಅಲ್ಲ, ಯಾರಿಗೂ ತಪ್ಪು ತಿಳಿಯದ ಹಾಗೆ —

ತನಿಯ ಎಚ್ಚರಿಕೆ ಕೊಟ್ಟಿದ್ದ. ಅದು ಶಿವಪುತ್ರನಿಗೆ ಮುಟ್ಟಲಿಲ್ಲ. ಅವನಿಗೆ ಮುಟ್ಟಿದ್ದು ನನ್ನ ಮಾತು. ಅವನು ಕೈ ಎತ್ತಿದ್ದು ನನಗೆ. ಅವನನ್ನು ನೀರಿಗೆ ಕಳಿಸಿದ್ದು

ಕರೆದರು